ಕವೆಗೋಲಿನಿಂದ ಬೈಪಾಡಿನವರೆಗೆ: ರೈಫಲ್ ಆಧಾರಗಳ ಬೆಳವಣಿಗೆ ಮತ್ತು ಆಯ್ಕೆ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಸೀಮೆಯ ಅಡಿಕೆ, ತೆಂಗಿನ ತೋಟಗಳಲ್ಲಿ ಕೋವಿ ಎಂದರೆ ಬಹುಮಟ್ಟಿಗೆ ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಇಟ್ಟುಕೊಂಡ, ನಳಿಗೆಯ ಬಾಯಿಯಿಂದ ಮಸಿ ತುಂಬುವ ಕೇಪಿನ ಕೋವಿ, ಇಲ್ಲವೆ ಒಂಟಿ ಅಥವಾ ಜೋಡಿ ನಳಿಗೆಯ ತೋಟಾ ಕೋವಿಯೇ ಹೊರತು ರೈಫಲ್ ಅಲ್ಲ. ಇದಕ್ಕೆ ರೂಢಿಯಷ್ಟೇ ಕಾನೂನೂ ಕಾರಣವಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಮು ಬೆಳೆ ಕಾಯುವವನಿಗೆ ಮೊದಲು ಬಾಯಿಂದ ತುಂಬುವ ಕೋವಿಯನ್ನೂ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಕೋವಿಯನ್ನೂ ಸೂಚಿಸುತ್ತದೆ; .22 ರೈಫಲ್ಲನ್ನೂ ಏರ್ ರೈಫಲ್ಲನ್ನೂ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನ ಗುರಿ ಅಭ್ಯಾಸಕ್ಕೆಂದು ಪ್ರತ್ಯೇಕವಾಗಿ ಹೆಸರಿಸುತ್ತದೆ. ಚರೆ ಹಾರಿಸುವ ತೋಟಾ ಕೋವಿಯಲ್ಲಿ ಚರೆಗಳು ದೂರ ಹೋದಂತೆ ಹರಡಿಕೊಳ್ಳುವುದರಿಂದ, ಅದನ್ನು ಎಷ್ಟು ಅಲುಗದಂತೆ ಇರಿಸಿದರೂ ಸಿಗುವ ಲಾಭ ಅಲ್ಪ. ನಳಿಗೆಯ ಒಳಮೈಯಲ್ಲಿ ಸುರುಳಿ ಗೆರೆಗಳನ್ನು ಕೊರೆದು, ಒಂದೇ ಗುಂಡನ್ನು ತಿರುಗಿಸುತ್ತ ಹೊರಡಿಸುವ ರೈಫಲ್ಲಿಗೆ ಮಾತ್ರ ಆಧಾರದ ಪ್ರಶ್ನೆ ನಿಜವಾದ ಪ್ರಶ್ನೆಯಾಗುತ್ತದೆ.

ಆಧಾರದ ಕಲ್ಪನೆಯಾದರೋ ರೈಫಲ್ಲಿಗಿಂತ ಹಳೆಯದು. 16 ಮತ್ತು 17ನೆಯ ಶತಮಾನಗಳ ಯುರೋಪಿನ ಸಿಪಾಯಿ ತನ್ನ ಭಾರವಾದ ಬತ್ತಿಕೋವಿಯನ್ನು ನೆಲಕ್ಕೆ ಊರಿದ ಕವೆಗೋಲಿನ ಮೇಲಿಟ್ಟು ಹಾರಿಸುತ್ತಿದ್ದನು. ಟಿಬೆಟಿನ ಕೋವಿಗಳಿಗೆ ಜಿಂಕೆಜಾತಿಯ ಪ್ರಾಣಿಗಳ ಕೊಂಬಿನಿಂದ ಮಾಡಿದ, ಮಡಚಬಹುದಾದ ಎರಡು ಕಾಲುಗಳಿದ್ದವು. ಮೊಗಲ್ ಚಿತ್ರಗಳಲ್ಲಿ ರಾಜಕುಮಾರರ ಕೋವಿ ಸೇವಕನ ಹೆಗಲನ್ನೇ ಆಸರೆ ಮಾಡಿಕೊಂಡಿರುವುದೂ ಉಂಟು. ಇವೆಲ್ಲವೂ ಭಾರ ಹೊರುವ ಉಪಾಯಗಳು. ಭಾರ ಹೊರುವುದಕ್ಕೂ ಪ್ರತಿ ಗುಂಡಿಗೂ ಕೋವಿಯನ್ನು ಅದೇ ಸ್ಥಾನಕ್ಕೆ ಮರಳಿಸುವುದಕ್ಕೂ ನಡುವಣ ಅಂತರವೇ ಈ ಕ್ಷೇತ್ರದ ಮುಂದಿನ ಚರಿತ್ರೆಯಾಗಿದೆ.

ಆ ಎರಡನೆಯ ಗುರಿಯನ್ನು ಹಿಡಿದು ಬೆಳೆದದ್ದು ಅಮೆರಿಕದ ಬೆಂಚ್‌ರೆಸ್ಟ್ ಪದ್ಧತಿ, ಎಂದರೆ ಗಟ್ಟಿಯಾದ ಮೇಜಿನ ಮುಂದೆ ಕುಳಿತು, ರೈಫಲ್ಲಿನ ಮುಂಭಾಗವನ್ನು ಒಂದು ಪೀಠದ ಮೇಲೂ ಹಿಂಭಾಗವನ್ನು ಮರಳು ಚೀಲದ ಮೇಲೂ ಇರಿಸಿ, ಗುಂಡುಗಳ ಗುಂಪು ಎಷ್ಟು ಕಿರಿದಾಗಿದೆ ಎಂದು ಅಳೆಯುವ ಸ್ಪರ್ಧೆ. 19ನೆಯ ಶತಮಾನದಲ್ಲಿಯೇ ಇದರ ಪೂರ್ವರೂಪಗಳಿದ್ದರೂ ಸಂಘಟಿತ ರೂಪ ಬಂದದ್ದು 1940ರ ದಶಕದಲ್ಲಿ. ಬೈಪಾಡ್, ಎಂದರೆ ಕೋವಿಗೇ ಜೋಡಿಸಿದ ಎರಡು ಕಾಲಿನ ಆಧಾರ, ಇಪ್ಪತ್ತನೆಯ ಶತಮಾನದಲ್ಲಿ ಹೆಸರು ಮಾಡಿದ್ದು ಬೇರೆ ದಾರಿಯಿಂದ: ಭಾರತೀಯ ಸೇನೆಯೂ ಬಹುಕಾಲ ಬಳಸಿದ ಬ್ರೆನ್‌ನಂಥ ಹಗುರ ಮೆಷಿನ್‌ಗನ್ನುಗಳ ಮೂಲಕ. ಈ ಎರಡು ದಾರಿಗಳೂ ಸೇರಿದ್ದು ಎಫ್-ಕ್ಲಾಸ್ ಎಂಬ ದೂರಗುರಿಯ ಸ್ಪರ್ಧೆಯಲ್ಲಿ. ಕೆನಡಾದ ಜಾರ್ಜ್ ಫಾರ್ಕ್ಯುಹಾರ್ಸನ್ ಅವರ ಹೆಸರಿನ ಮೊದಲಕ್ಷರ ಹೊತ್ತ ಈ ಪದ್ಧತಿಯ ಓಪನ್ ವಿಭಾಗದಲ್ಲಿ 10 ಕೆ.ಜಿ.ವರೆಗಿನ ರೈಫಲ್ಲನ್ನು ಪೀಠದ ಮೇಲಿಡಬಹುದು. ಟಿಆರ್ ವಿಭಾಗದಲ್ಲಿ ಬೈಪಾಡ್ ಸೇರಿ ತೂಕ 8.25 ಕೆ.ಜಿ. ಮೀರುವಂತಿಲ್ಲ. ಈ ಮಿತಿಯೊಳಗೇ ಬೈಪಾಡಿನ ಕಾಲುಗಳು ಅಗಲವಾಗುತ್ತ ಹೋಗಿ, ಸೈನಿಕ ಬೈಪಾಡಿನ ಗುರುತೇ ಸಿಗದ ಚಪ್ಪಟೆ ಪಾದದ ಚೌಕಟ್ಟುಗಳಾದವು.

ಭಾರತದಲ್ಲಿ ಈ ಧಾರೆ ಕ್ಷೀಣ. ಗಣೇಶ ವಾಸುದೇವ ಮಾವಳಂಕರರು 1951ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ರೈಫಲ್ ಸಂಘ ಒಲಿಂಪಿಕ್ ಪದ್ಧತಿಯನ್ನು ಅನುಸರಿಸುತ್ತದೆ. ಅದರಲ್ಲಿ ಮಲಗಿ, ಮಂಡಿಯೂರಿ, ನಿಂತು ಹೊಡೆಯಬೇಕು, ಪೀಠಕ್ಕೂ ಬೈಪಾಡಿಗೂ ಅವಕಾಶವಿಲ್ಲ. ನೆರೆಯ ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವೂ ನಿಂತು ಹೊಡೆಯುವ ಕೈಚಳಕದ್ದೇ. ಆಧಾರಕ್ಕೆ ಅಧಿಕೃತ ಸ್ಥಾನವಿರುವುದು ಪ್ಯಾರಾ ಶೂಟಿಂಗ್‌ನ ಎಸ್‌ಎಚ್-2 ವರ್ಗದಲ್ಲಿ. ತೋಳಿನಿಂದ ರೈಫಲ್ಲಿನ ಭಾರ ಹೊರಲಾಗದ ಕ್ರೀಡಾಪಟುಗಳಿಗೆ ಅಲ್ಲಿ ಸ್ಪ್ರಿಂಗಿನ ಮೇಲೆ ಕೂರಿಸಿದ ಆಧಾರವನ್ನು ಕೊಡಲಾಗುತ್ತದೆ. ಭಾರವನ್ನು ಅದು ಹೊರುತ್ತದೆ, ಅಲುಗಾಟವನ್ನು ಮಾತ್ರ ಉಳಿಸುತ್ತದೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಈ ವರ್ಗದವರು.

ಹೀಗಿದ್ದರೂ ದುರ್ಬೀನನ್ನು ಗುರಿಗೆ ಹೊಂದಿಸುವಾಗ, ಬೇರೆ ಬೇರೆ ತಯಾರಿಕೆಯ ತೋಟಾಗಳನ್ನು ಹೋಲಿಸುವಾಗ ಕ್ಲಬ್ಬಿನ ಸದಸ್ಯನಿಗೆ ಮೇಜು ಬೇಕೇ ಬೇಕು; ಕೈಯ ತಪ್ಪು ಯಾವುದು, ಕೋವಿಯ ತಪ್ಪು ಯಾವುದು ಎಂಬುದು ಅಲ್ಲಿಯೇ ಬೇರ್ಪಡುತ್ತದೆ. ಆಯ್ಕೆಯಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಮುಂದಿನ ಆಧಾರಕ್ಕೆ ಹಣ ಸುರಿದು ಹಿಂದಿನದನ್ನು ಮುಷ್ಟಿಗೆ ಬಿಟ್ಟುಬಿಡುತ್ತಾರೆ. ಲೆಕ್ಕ ಸರಳ. ಮುಂದಿನ ಪೀಠಕ್ಕೂ ಹಿಂದಿನ ಚೀಲಕ್ಕೂ 60 ಸೆಂ.ಮೀ. ಅಂತರವಿದ್ದು, ಹಿಡಿಯ ತುದಿ 1 ಮಿ.ಮೀ. ಜರುಗಿದರೆ 50 ಮೀಟರ್ ದೂರದಲ್ಲಿ ಗುಂಡು ಸುಮಾರು 83 ಮಿ.ಮೀ. ತಪ್ಪುತ್ತದೆ; ಆ ದೂರದ ಒಲಿಂಪಿಕ್ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿ.ಮೀ. ಮಾತ್ರ. ಹಿಡಿ ಕೂರುವಷ್ಟು ಸಂದು ಬಿಟ್ಟು ಎರಡು ಕಿವಿಗಳಂತೆ ಹೊಲಿದ ಚೀಲ, ಒತ್ತಿದಷ್ಟು ಏರಿಳಿದು ಬಿಟ್ಟಲ್ಲೇ ನಿಲ್ಲುವುದರಿಂದ, ಈ ಕೆಲಸಕ್ಕೆ ಯಾವ ದುಬಾರಿ ಬೈಪಾಡಿಗಿಂತಲೂ ಮುಖ್ಯವಾದುದು.

ಮುಂಭಾಗದಲ್ಲಿ ಆಧಾರ ತಾಗಬೇಕಾದದ್ದು ಮರದ ಇಲ್ಲವೆ ಫೈಬರಿನ ಮುಂಗಟ್ಟಿಗೆ, ನಳಿಗೆಗೆ ಎಂದೂ ಅಲ್ಲ. ಗುಂಡು ಹೊರಡುವಾಗ ನಳಿಗೆ ಕಂಪಿಸುವುದರಿಂದ ಅದನ್ನು ತಡೆದರೆ ಗುಂಡು ತಾಗುವ ಬಿಂದುವೇ ಬದಲಾಗುತ್ತದೆ. ಬೈಪಾಡನ್ನು ಸಿಮೆಂಟಿನ ಮೇಜಿನ ಮೇಲೆ ನೇರವಾಗಿ ಇಟ್ಟರೆ ಕೋವಿ ಒದೆಯುವಾಗ ಕಾಲುಗಳು ಪುಟಿಯುತ್ತವೆ, ಆದಕಾರಣ ಕೆಳಗೊಂದು ರಬ್ಬರ್ ಹಾಸು ಅಗತ್ಯ. ಮುಂಗಟ್ಟು ತೆಳುವಾದ ಪ್ಲಾಸ್ಟಿಕ್ಕಿನದಾಗಿದ್ದರೆ ಬೈಪಾಡಿನ ಒತ್ತಡಕ್ಕೆ ಅದು ಬಾಗಿ ನಳಿಗೆಗೆ ತಾಗುವುದೂ ಉಂಟು. ಒಯ್ಯಲು ಸುಲಭ ಎಂಬುದು ಬೈಪಾಡಿನ ನಿಜವಾದ ಗುಣ. ಸ್ಥಿರವಾದ ಮೇಜಿದ್ದಲ್ಲಿ ಅದಕ್ಕೆ ಅಷ್ಟಾಗಿ ಕೆಲಸವಿಲ್ಲ.

ಕರಾವಳಿಯ ಮಳೆಗಾಲ ಈ ವಿಚಾರದಲ್ಲಿ ತನ್ನದೇ ಷರತ್ತುಗಳನ್ನು ಒಡ್ಡುತ್ತದೆ. ಮರದ ಹಿಡಿ ತೇವಕ್ಕೆ ಉಬ್ಬುತ್ತದೆ, ತೊಗಲಿನ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ, ಹೊಳೆಮರಳನ್ನು ಚೆನ್ನಾಗಿ ಒಣಗಿಸಿ ಜರಡಿ ಹಿಡಿಯದೆ ತುಂಬಿದರೆ ಚೀಲ ಹೆಂಟೆಗಟ್ಟುತ್ತದೆ. ನೈಲಾನ್ ಬಟ್ಟೆಯ ಚೀಲ, ಒಣ ಮರಳು, ನೆಲ ಏರುತಗ್ಗಾಗಿದ್ದರೂ ಕುಂಟದ ಮೂರು ಕಾಲಿನ ಭಾರದ ಮೇಜು — ಮೂಡುಬಿದಿರೆಯ ಬಡಗಿಯೂ ಬಂಟ್ವಾಳದ ದರ್ಜಿಯೂ ಮಾಡಿಕೊಡಬಲ್ಲ ಈ ಮೂರಕ್ಕೆ ಮೊದಲ ಖರ್ಚು ಸಲ್ಲಬೇಕು. ಆಮದಿನ ಬೈಪಾಡ್ ಆಮೇಲಿನ ಮಾತು.