ಸಂಬಳಕ್ಕಾಗಿ ಗಂಡ–ಹೆಂಡತಿ

ಚೆನ್ನೈಯ ವಡಪಳನಿ ಕನ್ನಡಿಗರಿಗೆ ಅಪರಿಚಿತ ಜಾಗವೇನಲ್ಲ. ನಮ್ಮ ಚಿತ್ರರಂಗವೇ ಒಂದು ಕಾಲಕ್ಕೆ ಮದ್ರಾಸಿನಲ್ಲಿ ಬಿಡಾರ ಹೂಡಿತ್ತು. ರಾಜ್‌ಕುಮಾರ್ ಅವರ 'ಸತ್ಯ ಹರಿಶ್ಚಂದ್ರ' (1965) ತೆಗೆದದ್ದು ವಡಪಳನಿಯ ವಿಜಯಾ ಸಂಸ್ಥೆಯೇ. ಅದಕ್ಕೂ ಹತ್ತು ವರ್ಷ ಮೊದಲು, 1955ರಲ್ಲಿ, ಅವರು ಎಲ್.ವಿ. ಪ್ರಸಾದ್ ನಿರ್ದೇಶನದಲ್ಲಿ ಒಂದು ಸುಳ್ಳು ಸಂಸಾರದ ಕಥೆಯನ್ನು ತೆರೆಗೆ ತಂದಿದ್ದರು: ತಮಿಳಿನಲ್ಲಿ 'ಮಿಸ್ಸಿಯಮ್ಮ', ತೆಲುಗಿನಲ್ಲಿ 'ಮಿಸ್ಸಮ್ಮ'. ಕಥೆಯ ಮೂಲ ಬಂಗಾಳದ್ದು.

ಇಬ್ಬರು ನಿರುದ್ಯೋಗಿ ಪದವೀಧರರು. ಹಳ್ಳಿಯ ಜಮೀನ್ದಾರರ ಶಾಲೆಗೆ ಬೇಕಾದದ್ದು ಗಂಡ–ಹೆಂಡತಿ ಇಬ್ಬರೂ ಪಾಠ ಹೇಳುವ ಜೋಡಿ. ಕ್ರೈಸ್ತ ಹುಡುಗಿ ಮೇರಿ (ಸಾವಿತ್ರಿ) ಅಪ್ಪ–ಅಮ್ಮನ ಸಾಲ ತೀರಿಸಬೇಕು. ಬಾಲುವಿಗೂ (ಜೆಮಿನಿ ಗಣೇಶನ್) ಕೆಲಸ ಬೇಕು. ದಂಪತಿ ಎಂದು ಹೇಳಿಕೊಂಡು ಹೊರಟೇಬಿಟ್ಟರು. ಹಿಂದೂ ಮನೆಯ ಶಾಸ್ತ್ರಗಳೆಂದರೆ ಮೇರಿಗೆ ಸಿಡುಕು. ನಾವು ನಗುತ್ತೇವೆ. ಆದರೆ ಹೊಟ್ಟೆಪಾಡಿಗೆ ಸುಳ್ಳು ಹೇಳಿದವರಿಗೆ ಆ ನಗು ಸ್ವಲ್ಪ ಚುಚ್ಚುತ್ತದೆ.

ನನಗೂ ಚುಚ್ಚಿತು. ಚೆನ್ನೈಗೆ ಹೋದ ಹೊಸತರಲ್ಲಿ ಮನೆ ಹುಡುಕುತ್ತಿದ್ದೆ. ಎಲ್ಲೆಡೆ ಒಂದೇ ಪ್ರಶ್ನೆ: "ಫ್ಯಾಮಿಲಿ ಇದೆಯಾ ಸಾರ್?" ಕೊನೆಗೊಂದು ಕಡೆ, "ಊರಲ್ಲಿದ್ದಾರೆ, ಮುಂದಿನ ತಿಂಗಳು ಬರ್ತಾರೆ" ಅಂದೆ. ಮದುವೆಯೇ ಆಗಿರಲಿಲ್ಲ!

ಚಿತ್ರದಲ್ಲಿ ಮೇರಿ ಜಮೀನ್ದಾರರ ಕಳೆದುಹೋದ ಮಗಳೇ ಎಂದು ಗೊತ್ತಾಗುತ್ತದೆ. ಅಲ್ಲಿಗೆ ಜಾತಿ–ಮತದ ತೊಡಕೂ ಬಗೆಹರಿಯಿತು, ಸುಳ್ಳೂ ನಿಜವಾಯಿತು. ಪ್ರೀತಿಯೊಂದೇ ಸಾಕಾಗಲಿಲ್ಲವಲ್ಲ ಎಂಬ ಬೇಸರ ನನಗಿದೆ. ನನಗಂತೂ ಅಂಥ ಅದೃಷ್ಟ ಒದಗಲಿಲ್ಲ. ಮನೆ ಯಜಮಾನಿ ತಿಂಗಳು ತಿಂಗಳೂ ಬಾಡಿಗೆ ಎಣಿಸಿಕೊಂಡು, "ಯಾವಾಗ ಬರ್ತಾರೆ?" ಎನ್ನುತ್ತಿದ್ದರು. ಆ ಸುಳ್ಳನ್ನು ನಿಜ ಮಾಡಲು ನನಗೆ ಎರಡು ವರ್ಷ ಹಿಡಿಯಿತು.