ಮರಳಿ ಸುರಿದ ಅಕ್ಕಿ

ಇತಿಹಾಸವೆಂದೊಡನೆ ಅರಸರು ಗೆದ್ದ ನಾಡುಗಳ, ಕೂಡಿಟ್ಟ ಭಂಡಾರಗಳ ಲೆಕ್ಕವನ್ನೇ ನಾವು ಮಕ್ಕಳಿಗೆ ಒಪ್ಪಿಸುತ್ತೇವೆ. ಬೇಡವಾದುದನ್ನು ಬಿಟ್ಟು ಸ್ವತಂತ್ರರಾಗಿ ಬಾಳಿದವರ ಕಥೆಯೂ ಇತಿಹಾಸವೇ ಅಲ್ಲವೆ?

ಅಂಥ ಕಥೆಗಾಗಿ ಪೆದ್ದೆಮುಲ್ಲಿನ ನಾವು ಬಹುದೂರ ಅರಸಬೇಕಾಗಿಲ್ಲ. ಇಂದು ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣವೂ ನಮ್ಮೂರೂ 1956ರವರೆಗೆ ಒಂದೇ ಹೈದರಾಬಾದು ರಾಜ್ಯದಲ್ಲಿದ್ದವು. ಹನ್ನೆರಡನೆಯ ಶತಮಾನದಲ್ಲಿ ಈ ಕಲ್ಯಾಣವು ರಾಜಧಾನಿಯಾಗಿತ್ತು. ಕಲಚುರಿ ಬಿಜ್ಜಳನು ಚಾಲುಕ್ಯರಿಂದ ಸಿಂಹಾಸನವನ್ನು ಕಸಿದುಕೊಂಡಿದ್ದನು. ಬಸವಣ್ಣನವರು ಆತನ ಭಂಡಾರಿಗಳಾಗಿದ್ದರು.

ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಮಾರಯ್ಯ, ಲಕ್ಕಮ್ಮ ಎಂಬ ಬಡ ದಂಪತಿಗಳು ಆ ನಗರಕ್ಕೆ ಬಂದರು. ನೆಲದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕ. ಅದರಿಂದಲೇ ಅವರ ಊಟ, ಅದರಿಂದಲೇ ಜಂಗಮ ದಾಸೋಹ. ಆದುದರಿಂದಲೇ ಅವರಿಗೆ ‘ಆಯ್ದಕ್ಕಿ’ ಎಂಬ ಹೆಸರು ನಿಂತಿತು.

ಶರಣರ ಚರಿತೆಗಳು ಹೇಳುವಂತೆ, ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಹಿಗ್ಗಲಿಲ್ಲ. ಇಂದಿಗೆ ಬೇಕಾದುದಕ್ಕಿಂತ ಮಿಗಿಲಾದುದು ನಮಗೇತಕ್ಕೆ, ತಂದಲ್ಲಿಯೇ ಸುರಿದು ಬನ್ನಿರೆಂದು ಪತಿಯನ್ನು ಹಿಂದಕ್ಕೆ ಕಳುಹಿದಳು. ಆತನು ಮರುಮಾತಿಲ್ಲದೆ ಸುರಿದು ಬಂದನು.

ಇದು ಬರಿಯ ವೈರಾಗ್ಯವೆಂದು ನಾವು ತಿಳಿಯಲಾಗದು. ಹೆಚ್ಚಿನ ಅಕ್ಕಿ ಮನೆಗೆ ಬಂದರೆ ಅದನ್ನಿಡಲು ಮಡಕೆ ಬೇಕು, ಮಡಕೆಗೆ ಕಾವಲು ಬೇಕು. ನಾಳೆ ಇನ್ನಷ್ಟು ಬೇಕೆಂಬ ಆಸೆಯೂ ಹುಟ್ಟುವುದು. ಮರಳಿ ಸುರಿದವರಿಗೆ ಈ ಯಾವ ಹಂಗೂ ಇಲ್ಲ. ಇತ್ತ ಸಿಂಹಾಸನವನ್ನು ಕಸಿದುಕೊಂಡವರ ಪಾಡೇನಾಯಿತು? ಮೂರು ದಶಕ ತುಂಬುವ ಮೊದಲೇ ಕಲ್ಯಾಣದಲ್ಲಿ ಕಲಚುರಿಗಳ ಆಳ್ವಿಕೆ ಅಳಿಯಿತು. ಲಕ್ಕಮ್ಮನ ವಚನಗಳು ಇಂದಿಗೂ ಉಳಿದಿವೆ.

ಈ ಪಾಠವನ್ನು ಹೇಳಿದ ದಿನ ನಾವು ನಮ್ಮ ಮನೆಯ ಅಟ್ಟವನ್ನು ಹತ್ತಿ ನೋಡಿದೆವು. ಹಿಡಿ ಮುರಿದ ಕೊಡೆಗಳು, ಒಣಗಿದ ಮಸಿಕುಡಿಕೆಗಳು, ಯಾರೂ ಉಡದ ಬಟ್ಟೆಗಳ ಗಂಟು! ಎಂದಾದರೂ ಬೇಕಾದೀತೆಂದು ಕಾಯ್ದಿಟ್ಟ ಅವುಗಳಲ್ಲಿ ಒಂದೂ ಇಂದಿನವರೆಗೆ ಬೇಕಾಗಿರಲಿಲ್ಲ. ಉಡಲು ಬರುವ ಬಟ್ಟೆಗಳು ಉಡುವವರ ಕೈ ಸೇರಿದವು, ಉಳಿದವು ತಿಪ್ಪೆಗೆ ಹೋದವು. ಅಟ್ಟದೊಡನೆ ಮನಸ್ಸೂ ಹಗುರಾಯಿತು.

ಆ ಗಂಟಿನಡಿಯಲ್ಲಿ ಒಂದು ಹಳೆಯ ಕನ್ನಡ ಓದುವ ಪುಸ್ತಕವೂ ಇತ್ತು. ಅದನ್ನು ಮಾತ್ರ ಒರಸಿ ಕೆಳಗೆ ತಂದೆವು. ಲಕ್ಕಮ್ಮನೂ ಎಲ್ಲವನ್ನೂ ಚೆಲ್ಲಿಸಲಿಲ್ಲ. ಅಂದಿನ ದಾಸೋಹಕ್ಕೆ ಬೇಕಾದುದನ್ನು ಉಳಿಸಿಕೊಂಡಳು. ಗಡಿನಾಡಿನ ನಮಗೆ ನಮ್ಮ ನುಡಿ ಅಂಥ ದಿನದ ಅಕ್ಕಿ. ಬಾಲಕರೇ, ಬೇಡವಾದುದನ್ನು ಬಿಡಲು ಕಲಿಯೋಣ; ಬೇಕಾದುದನ್ನು ಅದರೊಡನೆ ಚೆಲ್ಲದಿರೋಣ.