ಮಾಳಿಗೆಯ ಸೋರಿಕೆಯೂ ಶರೀಫರ ನಗೆಯೂ

ಅರಸರ ಚರಿತ್ರೆಯು ಶಾಸನಗಳಲ್ಲಿಯೂ, ದಂಡನಾಯಕರ ಚರಿತ್ರೆಯು ಅವರ ಪತ್ರಗಳಲ್ಲಿಯೂ ಉಳಿದಿರುವುದು. ಒಕ್ಕಲಿಗನ ಮನೆಯ ಚರಿತ್ರೆಯನ್ನು ಬರೆದಿಟ್ಟವರಾರು? ಮಲಪ್ರಭೆಯ ದಂಡೆಯ ಮೇಲಿರುವ ಮನೋಳಿಯಂತಹ ಊರನ್ನು ಕುರಿತು ವಿಚಾರಿಸುವಾಗ ಈ ಪ್ರಶ್ನೆಯು ಸಹಜವಾಗಿಯೇ ಏಳುವುದು.

ಕ್ರಿ. ಶ. 1800ರ ಜುಲೈ ತಿಂಗಳ ಕೊನೆಯಲ್ಲಿ ಮನೋಳಿಯ ಎದುರಿಗೆ ಹೊಳೆಯ ದಂಡೆಯಲ್ಲಿಳಿದಿದ್ದ ಧೋಂಡಿಯಾ ವಾಘನ ಬೀಡಿನ ಮೇಲೆ ಆರ್ಥರ್ ವೆಲ್ಲೆಸ್ಲಿಯು ಹಠಾತ್ತಾಗಿ ಬಿದ್ದು ಅದನ್ನು ಧ್ವಂಸಮಾಡಿದನು. ಧೋಂಡಿಯನು ಅದೇ ವರ್ಷದ ಸೆಪ್ಟೆಂಬರದಲ್ಲಿ ರಣದಲ್ಲಿ ಮಡಿದನು. ವೆಲ್ಲೆಸ್ಲಿಯು ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕನೆನಿಸಿದನು. 1818ರಲ್ಲಿ ಥಾಮಸ್ ಮನ್ರೋ ಎಂಬ ಸೇನಾಪತಿಯು ಈ ಸೀಮೆಯನ್ನು ಪೇಶವೆಯ ಕೈಯಿಂದ ಕಸಿದುಕೊಂಡನು. 1824ರಲ್ಲಿ ಕಂಪನಿಯ ದಂಡನ್ನೆದುರಿಸಿದ ಕಿತ್ತೂರ ರಾಣಿ ಚೆನ್ನಮ್ಮಳು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ತೀರಿಕೊಂಡಳು. ಇವೆಲ್ಲವೂ ಗ್ರಂಥಸ್ಥವಾಗಿರುವುವು. ಆದರೆ ದಂಡುಗಳು ಹಾದುಹೋದ ಬಳಿಕ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಕೊಂಡು ಬದುಕಿದವರ ಮಾತು ಆ ಗ್ರಂಥಗಳಲ್ಲಿ ದೊರೆಯದು. ಅದನ್ನು ಹಾಡುಗಳಲ್ಲಿ ಹುಡುಕಬೇಕು.

ಮನ್ರೋ ಬಂದ ಮರುವರ್ಷವೇ, ಎಂದರೆ 1819ರಲ್ಲಿ, ಧಾರವಾಡದ ದಕ್ಷಿಣಕ್ಕೆ, ಈಗ ಹಾವೇರಿ ಜಿಲ್ಲೆಗೆ ಸೇರಿದ ಶಿಗ್ಗಾವಿ ಸೀಮೆಯ ಶಿಶುನಾಳದಲ್ಲಿ ಇಮಾಮ ಸಾಹೇಬನೆಂಬವನ ಮನೆಯಲ್ಲಿ ಶರೀಫರು ಜನಿಸಿದರು. ಕೆಲಕಾಲ ಶಾಲಾಮಾಸ್ತರರಾಗಿದ್ದು, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣರನ್ನು ಗುರುಗಳೆಂದು ನಂಬಿ ನಡೆದು, 1889ರಲ್ಲಿ ದೇಹಬಿಟ್ಟರು. ಅವರ ಪದಗಳು ಭಜನೆಯವರ ಬಾಯಲ್ಲಿ ಬೆಳೆದು ಉತ್ತರ ಕರ್ನಾಟಕದ ಹಳ್ಳಿಹಳ್ಳಿಗೂ ಹಬ್ಬಿದುವು. ಸೋರುವ ಮಾಳಿಗೆ, ಬೀಸುವ ಕಲ್ಲು, ಸಂತೆಜಾತ್ರೆ, ಹೊಸದಾಗಿ ಬಂದ ಗಿರಣಿ, ಇವೇ ಅವರ ಕಾವ್ಯವಸ್ತುಗಳು.

ಅವರ ಪ್ರಸಿದ್ಧವಾದ ಒಂದು ಪದದಲ್ಲಿ ಕೋಳಿಯು ಮಂಗನನ್ನು ನುಂಗುವುದು, ಆಡು ಆನೆಯನ್ನು ನುಂಗುವುದು. ಕೇಳಿದವರಿಗೆ ನಗೆ ಬರುವುದು. ಆದರೆ ಅದೇ ಸಾಲಿನಲ್ಲಿ ಗೋಡೆಯು ಸುಣ್ಣವನ್ನೂ ಒರಳು ಒನಕೆಯನ್ನೂ ನುಂಗುವುವು. ಗೋಡೆಯು ಸುಣ್ಣವನ್ನು ನುಂಗುವುದರಲ್ಲಿ ಅಸಂಬದ್ಧವೇನಿದೆ? ವರ್ಷವರ್ಷವೂ ಹಬ್ಬಕ್ಕೆ ಸುಣ್ಣ ಬಳಿಯುವ ಗೃಹಿಣಿಗೆ ಅದು ಪ್ರತ್ಯಕ್ಷಸತ್ಯವು. ಅಸಂಭವವನ್ನೂ ನಿತ್ಯಾನುಭವವನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿ, ಸಂಸಾರವೇ ಇಂತಹ ವಿಪರೀತವೆಂದು ಕವಿಯು ತೋರಿಸುವನು. ಕೊನೆಗೆ ಗುರುಪಾದವು ಕವಿಯನ್ನೇ ನುಂಗುವುದು. ಎಲ್ಲವನ್ನೂ ಹೆದರಿಸುತ್ತ ಬಂದ ಆ ಕ್ರಿಯಾಪದವೇ ಅಲ್ಲಿ ಅಭಯವಾಗಿ ಪರಿಣಮಿಸುವುದು. ಹನ್ನೆರಡನೆಯ ಶತಮಾನದ ಅಲ್ಲಮನ ಬೆಡಗಿನ ವಚನಗಳಿಂದ ಬಂದ ಮಾರ್ಗವಿದು. ಶರೀಫರು ಅದನ್ನು ಅಡಿಗೆಮನೆಯವರೆಗೆ ತಂದರು.

ಈ ಪದಗಳಿಗೆ ಅರ್ಥ ಹೇಳುವವರು ಮನೆಯೆಂದರೆ ದೇಹ, ಮಳೆಯೆಂದರೆ ಮಾಯೆ ಎಂದು ಒಮ್ಮೆಲೇ ತೀರ್ಪುಕೊಡುವುದುಂಟು. ಅದು ತಪ್ಪೆನ್ನಲಾಗದು; ಮಾಳಿಗೆಯ ಸೋರಿಕೆಗೆ ಅಜ್ಞಾನವೇ ಕಾರಣವೆಂದು ಕವಿಯೇ ಸೂಚಿಸಿರುವನು. ಆದರೆ ಬೆಳಕನ್ನು ಬಯಸುವವನು ಮೊದಲು ದೀಪದ ಕುಡಿಯನ್ನು ಜೋಪಾನಮಾಡುವಂತೆ, ವ್ಯಂಗ್ಯಾರ್ಥವನ್ನು ಬಯಸುವವನು ಮೊದಲು ವಾಚ್ಯಾರ್ಥವನ್ನು ಆದರಿಸಬೇಕೆಂದು ಒಂಬತ್ತನೆಯ ಶತಮಾನದ ಆನಂದವರ್ಧನಾಚಾರ್ಯರು ಧ್ವನ್ಯಾಲೋಕದಲ್ಲಿ ಹೇಳಿರುವರು. ಶರೀಫರ ಪದದಲ್ಲಿ ಮುರುಕು ತೊಲೆಯಿದೆ, ಹುಳು ಹಿಡಿದ ಜಂತಿಯಿದೆ, ಕತ್ತಲಲ್ಲಿ ಮೇಲೇರಲಾರದವನ ಅಸಹಾಯವಿದೆ. ಮಣ್ಣಿನ ಮಾಳಿಗೆಯ ಕೆಳಗೆ ಮಳೆಯ ರಾತ್ರಿಯನ್ನು ಕಳೆದವನಲ್ಲದೆ ಇದನ್ನು ಹೇಳಲಾರನು. ಅಂತಹ ಮನೆಯನ್ನರಿಯದವನಿಗೆ ಆ ಮಾಯೆಯೂ ಬರಿಯ ಶಬ್ದವೇ.

ಇದು ಈ ನಾಡಿಗೆ ಮಾತ್ರ ಸಲ್ಲುವ ಮಾತಲ್ಲ. ಮೇಲೆ ಹೇಳಿದ ಮನ್ರೋ ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದವನು. ಅವನ ಸಮಕಾಲೀನನಾದ ಸ್ಕಾಟಿಷ್ ಕವಿ ರಾಬರ್ಟ್ ಬರ್ನ್ಸನು ರೈತನಾಗಿದ್ದು, 1785ರಲ್ಲಿ ನೇಗಿಲಿನಿಂದ ಒಡೆದುಹೋದ ಇಲಿಯ ಗೂಡನ್ನು ಕುರಿತು ಪದ್ಯ ಬರೆದನು. ಚಳಿಗಾಲವು ಮುಂದಿರುವಾಗ ಮನೆಗೆಟ್ಟ ಆ ಕ್ಷುದ್ರಪ್ರಾಣಿಯಲ್ಲಿ ಅವನು ತನ್ನ ಗತಿಯನ್ನೇ ಕಂಡನು. ಮನ್ರೋನ ಗ್ಲಾಸ್ಗೋದಲ್ಲಿಯೇ 1920ರಲ್ಲಿ ಜನಿಸಿ 2010ರಲ್ಲಿ ತೀರಿಕೊಂಡ ಎಡ್ವಿನ್ ಮಾರ್ಗನ್ ಎಂಬ ಕವಿಯು ಸರೋವರದ ಕಲ್ಪಿತ ಪ್ರಾಣಿಯೊಂದು ಗುಳುಗುಳಿಸುವ ಅರ್ಥಹೀನ ಧ್ವನಿಗಳಿಂದಲೇ ಒಂದು ಪದ್ಯವನ್ನು ಕಟ್ಟಿದನು. ಅದೇ ಕವಿಯ ಇನ್ನೊಂದು ಪದ್ಯದಲ್ಲಿ ಚಳಿಗಾಲದ ಸಂಜೆ ಮೂವರು ಹರೆಯದವರು ಒಂದು ಕೂಸನ್ನೂ ಒಂದು ಪುಟ್ಟ ನಾಯಿಯನ್ನೂ ಒಂದು ವಾದ್ಯವನ್ನೂ ಹೊತ್ತು ನಗುತ್ತ ಬೀದಿಯಲ್ಲಿ ನಡೆದುಹೋಗುವರು. ಅಷ್ಟರಿಂದಲೇ ಲೋಕದ ಭಯವು ಕರಗುವುದೆಂದು ಕವಿಯ ಭಾವವು. 2004ರಲ್ಲಿ ಸ್ಕಾಟ್ಲೆಂಡು ಅವನನ್ನು ತನ್ನ ರಾಷ್ಟ್ರಕವಿಯ ಸ್ಥಾನಕ್ಕೆ ಆರಿಸಿತು. ಶರೀಫರನ್ನು ಅವನು ಅರಿತಿದ್ದನೆಂದು ಹೇಳಲು ಆಧಾರವಿಲ್ಲ, ಅಗತ್ಯವೂ ಇಲ್ಲ. ನಿತ್ಯಜೀವನದ ವಿಪರೀತವನ್ನು ಕಂಡು ನಕ್ಕವನಿಗೆ ಅದೇ ಜೀವನದಲ್ಲಿ ಆಶೆಯೂ ಕಾಣುವುದೆಂಬುದಕ್ಕೆ ಇಬ್ಬರೂ ಸಾಕ್ಷಿಗಳು.

2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ದಂಡೆಯ ಊರುಗಳಲ್ಲಿ ಮನೆಗಳನ್ನು ಕೆಡವಿತು. ಮಣ್ಣಿನ ಮನೆಗಳು ಮೊದಲು ಬಿದ್ದುವು. ಅವು ಇದ್ದಲ್ಲಿ ಈಗ ಸಿಮೆಂಟಿನ ಛಾವಣಿಗಳು ಏಳುತ್ತಿರುವುವು. ಸೋರದ ಮನೆಯು ಎಲ್ಲರಿಗೂ ದೊರೆಯಲೇಬೇಕು. ಹಳೆಯ ಕಷ್ಟವನ್ನು ಕಾವ್ಯಕ್ಕಾಗಿ ಉಳಿಸಿಕೊಳ್ಳಬೇಕೆಂದು ಯಾರೂ ಹೇಳರು. ಆದರೆ ತೊಲೆ, ಜಂತಿ, ಒರಳು, ಒನಕೆಗಳ ಹೆಸರು ಮರೆತ ದಿನ ಶರೀಫರ ಪದಗಳಲ್ಲಿ ವ್ಯಾಖ್ಯಾನ ಮಾತ್ರ ಉಳಿದು ನಗೆಯು ಅಳಿಯುವುದು. ಆದುದರಿಂದ ಪದಗಳನ್ನು ಸಂಗ್ರಹಿಸುವವರು ಅವುಗಳ ತತ್ತ್ವಾರ್ಥದೊಡನೆ, ಮಾಳಿಗೆಗೆ ಮಣ್ಣು ಹಾಕುತ್ತಿದ್ದ ಬಗೆ ಹೇಗೆ, ಯಾವ ತಿಂಗಳಲ್ಲಿ, ಯಾರ ಕೈಯಿಂದ ಎಂಬುದನ್ನೂ ಹಿರಿಯರಿಂದ ಕೇಳಿ ಬರೆದಿಡತಕ್ಕದ್ದು. ಹೇಳಬಲ್ಲವರು ಇನ್ನೂ ಕೆಲವರಿರುವರು.